ಹಳೆ ಗಿಲ್ಬರ್ನ್‌ಗೆ ಹೊಸ ಎಂಜಿನ್: ಏನನ್ನೂ ಕೊಯ್ಯದೆ ಕೂರಿಸುವುದು ಹೇಗೆ?

ಗಿಲ್ಬರ್ನ್ ಕಾರನ್ನು ನೋಡಿದವರು ಬ್ರಿಟನ್ನಿನಲ್ಲೂ ಕಡಿಮೆ. ವೇಲ್ಸ್‌ನ ಪಾಂಟಿಪ್ರಿಡ್ ಹತ್ತಿರದ ಸಣ್ಣ ಊರಿನಲ್ಲಿ 1959ರಲ್ಲಿ ಶುರುವಾದ ಕಂಪನಿ ಅದು. ಮಾಂಸದಂಗಡಿ ಇಟ್ಟುಕೊಂಡಿದ್ದ ಗೈಲ್ಸ್ ಸ್ಮಿತ್, ಫೈಬರ್‌ಗ್ಲಾಸ್ ಕೆಲಸ ಬಲ್ಲ ಜರ್ಮನ್ ಎಂಜಿನಿಯರ್ ಬರ್ನಾರ್ಡ್ ಫ್ರೀಸ್ ಸೇರಿ ಕಟ್ಟಿದ್ದು. ಇಬ್ಬರ ಹೆಸರೂ ಕೂಡಿ ಗಿಲ್ಬರ್ನ್ ಆಯಿತು. 1970ರ ದಶಕದಲ್ಲಿ ಬಾಗಿಲು ಹಾಕುವಷ್ಟರಲ್ಲಿ ಹೊರಬಂದದ್ದು ಸುಮಾರು ಸಾವಿರ ಕಾರು ಅಷ್ಟೇ. ಅದಕ್ಕೇ ನನ್ನದು ಒಂದೇ ಹಟ: ಇಂಥ ಕಾರಿಗೆ ಏನೇ ಸೇರಿಸಿದರೂ ನಾಳೆ ಬಿಚ್ಚಿ ತೆಗೆಯಲು ಬರಬೇಕು.

ಇಲ್ಲಿ ಹೇಳುತ್ತಿರುವುದು ಗಿಲ್ಬರ್ನ್ ಜಿಟಿ 1800 ಬಗ್ಗೆ. ಅದರ ಎಂಜಿನ್ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನದು. 1798 ಸಿಸಿ, ಸುಮಾರು 95 ಹಾರ್ಸ್‌ಪವರ್. ಈ ಎಂಜಿನ್ನಿನ ಬಿಡಿಭಾಗಗಳು ಇಂದಿಗೂ ಸುಲಭವಾಗಿ ಸಿಗುತ್ತವೆ. ಹಾಗಾಗಿ ಅದು ಚೆನ್ನಾಗಿ ಓಡುತ್ತಿದ್ದರೆ ಕೈ ಹಾಕಲೇಬೇಡಿ. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಇಲ್ಲವೇ ಎಂಜಿನ್ ಎಂದೋ ಕಳೆದುಹೋಗಿದ್ದರೆ ಮಾತ್ರ ಮುಂದೆ ಓದಿ.

ಮೊದಲು ಛಾಸಿ

ಬಾಡಿ ಫೈಬರ್, ತುಕ್ಕು ಹಿಡಿಯುವುದಿಲ್ಲ. ಮೋಸ ಹೋಗುವುದು ಇಲ್ಲೇ. ಕೆಳಗಿರುವುದು ಚೌಕ ಕಬ್ಬಿಣದ ಪೈಪುಗಳ ಛಾಸಿ, ಅಂದರೆ ಇಡೀ ಕಾರನ್ನು ಹೊರುವ ಚೌಕಟ್ಟು. ಮೇಲೆ ಬಣ್ಣ ಫಳಫಳ ಹೊಳೆಯುತ್ತಿರುತ್ತದೆ, ಕೆಳಗೆ ಪೈಪ್ ಒಳಗಿನಿಂದ ತಿಂದುಹೋಗಿರುತ್ತದೆ. ಸಣ್ಣ ಸುತ್ತಿಗೆ ಹಿಡಿದು ಗೇಣು ಗೇಣಿಗೂ ಬಡಿಯುತ್ತಾ ಹೋಗಿ. ‘ಠಣ್’ ಅಂದರೆ ಸರಿ. ‘ಡಬ್’ ಅಂದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಇಳಿದರೆ ಆ ತುಂಡನ್ನು ತೆಗೆದು, ಅದೇ ದಪ್ಪದ ಹೊಸ ಪೈಪ್ ವೆಲ್ಡ್ ಮಾಡಿಸಿ. ಮೇಲೊಂದು ತೇಪೆ ಹಾಕಿದರೆ ಸಾಲದು. ವೆಲ್ಡಿಂಗ್ ಮಾಡುವಾಗ ಪಕ್ಕದ ಫೈಬರ್‌ಗೆ ಒದ್ದೆ ಬಟ್ಟೆ ಹೊದಿಸಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ.

ಬಾಡಿಯ ಮೇಲಿನ ನಕ್ಷತ್ರದಂಥ ಬಿರುಕುಗಳಿಗೆ ಸುಮ್ನೆ ಪುಟ್ಟಿ ಮೆತ್ತಬೇಡಿ. ಬಿರುಕನ್ನು ಉಜ್ಜಿ ಅಗಲ ಮಾಡಿ, ಒಳಗಡೆಯಿಂದ ಫೈಬರ್ ಮ್ಯಾಟ್ ಮತ್ತು ರೆಸಿನ್ ಕೊಡಿ. ಇಲ್ಲದಿದ್ದರೆ ಹೊಸ ಬಣ್ಣದ ಮೇಲೂ ಅದೇ ಬಿರುಕು ಮತ್ತೆ ಮೂಡುತ್ತದೆ.

ಎಂಜಿನ್ ಕೂರಿಸುವುದು

ನನ್ನ ಆಯ್ಕೆ 1990ರ ದಶಕದ ಮಾಜ್ದಾ ಎಂಎಕ್ಸ್-5 ಕಾರಿನ 1.8 ಎಂಜಿನ್. 1839 ಸಿಸಿ, ಸುಮಾರು 130 ಹಾರ್ಸ್‌ಪವರ್. ಉದ್ದಕ್ಕೆ ಕೂರುತ್ತದೆ, ಹಿಂದಿನ ಚಕ್ರ ತಿರುಗಿಸುವ 5 ಗೇರಿನ ಬಾಕ್ಸ್ ಜೊತೆಗೇ ಬರುತ್ತದೆ. ಅದಕ್ಕಿಂತ ದೊಡ್ಡದರ ಆಸೆ ಬೇಡ. ಹಿಂದಿನ ಆಕ್ಸಲ್ 95 ಹಾರ್ಸ್‌ಪವರ್ ಎಂಜಿನ್ನಿಗೆ ಮಾಡಿದ್ದು, ಅಲ್ವಾ?

ಹೆಚ್ಚಿದ ಶಕ್ತಿಗೆ ತಕ್ಕಂತೆ ಮೊದಲು ಬ್ರೇಕ್ ಸರಿಮಾಡಿಸಿ, ಆ ಕೆಲಸ ಮುಗಿಯುವವರೆಗೆ ಎಂಜಿನ್ ಮುಟ್ಟಬೇಡಿ. ಆಮೇಲೆ ರಟ್ಟಿನಲ್ಲಿ ಎಂಜಿನ್ನಿನ ಅಚ್ಚು ಮಾಡಿಕೊಂಡು ಒಳಗಿಟ್ಟು ನೋಡಿ. ಬಾನೆಟ್ ಮುಚ್ಚುತ್ತದೆಯೇ? ಕೆಳಗೆ ಆಯಿಲ್ ನಿಲ್ಲುವ ತಟ್ಟೆ, ಅಂದರೆ ಸಂಪ್, ಛಾಸಿಯ ಅಡ್ಡಪಟ್ಟಿಗೆ (ಕ್ರಾಸ್‌ಮೆಂಬರ್) ತಾಗುತ್ತದೆಯೇ? ಸ್ಟೀರಿಂಗ್ ರಾಡ್‌ಗೆ ಜಾಗ ಇದೆಯೇ? ಈ ಕಾರುಗಳಲ್ಲಿ ಹಲವನ್ನು ಬಿಡಿಭಾಗಗಳಾಗಿ ಮಾರಿದ್ದರು, ಕೊಂಡವರೇ ಮನೆಯಲ್ಲಿ ಜೋಡಿಸಿಕೊಂಡರು. ಹಾಗಾಗಿ ಇನ್ನೊಬ್ಬರ ಕಾರಿನ ಅಳತೆ ನಂಬಬೇಡಿ.

ಜಾಗ ಸಾಲದಿದ್ದರೆ ಸಂಪ್ ಬದಲಿಸಿ, ಛಾಸಿ ಕೊಯ್ಯಬೇಡಿ. ಎಂಜಿನ್ ಮೌಂಟ್‌ಗಳನ್ನು ಹಳೆ ಬೋಲ್ಟ್ ತೂತುಗಳಿಗೇ ಹೊಂದುವಂತೆ ಹೊಸದಾಗಿ ಮಾಡಿಸಿ. ಗೇರ್‌ಬಾಕ್ಸಿನ ಹಿಂತುದಿಯ ಓರೆ, ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಮೂತಿಯ ಓರೆ ಎರಡೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ತಪ್ಪಿದರೆ ವೇಗ ಏರಿದಾಗ ಕಾರೆಲ್ಲ ನಡುಗುತ್ತದೆ. ಇವೆರಡನ್ನೂ ಜೋಡಿಸುವ ಪ್ರೊಪೆಲ್ಲರ್ ಶಾಫ್ಟ್ ಹೊಸ ಉದ್ದಕ್ಕೆ ಮಾಡಿಸಿ, ಬ್ಯಾಲೆನ್ಸ್ ಮಾಡಿಸಿಯೇ ಹಾಕಿ.

ಕರೆಂಟು, ಪೆಟ್ರೋಲು

ಜಾಸ್ತಿ ಜನ ಸೋಲುವುದು ವಯರಿಂಗ್‌ನಲ್ಲಿ. ಆ ಕಾಲದ ಎಂಜಿಬಿ ವಯರಿಂಗ್ ಪಾಸಿಟಿವ್ ಅರ್ತ್. ಅಂದರೆ ಬ್ಯಾಟರಿಯ ಪ್ಲಸ್ ತುದಿ ಛಾಸಿಗೆ ಹೋಗುತ್ತದೆ. ಮಾಜ್ದಾ ಎಂಜಿನ್ನಿನ ಕಂಪ್ಯೂಟರಿಗೆ ಮೈನಸ್ಸೇ ಅರ್ತ್ ಆಗಬೇಕು. ಪರೀಕ್ಷಿಸದೆ ಜೋಡಿಸಿದರೆ ಅದು ಸುಟ್ಟೇ ಹೋಗುತ್ತದೆ. ಡೈನಮೋ ತೆಗೆದು ಮಾಜ್ದಾದ ಆಲ್ಟರ್ನೇಟರ್ ಉಳಿಸಿಕೊಳ್ಳಿ. ಎಂಜಿನ್ ಸುತ್ತುವ ವೇಗ ತೋರಿಸುವ ಹಳೆಯ ಟ್ಯಾಕೋಮೀಟರನ್ನೂ ಹೊಸ ಅರ್ತಿಗೆ, ಹೊಸ ಎಂಜಿನ್ನಿಗೆ ತಕ್ಕಂತೆ ಬದಲಿಸಬೇಕು.

ಇನ್ನೊಂದು ಮಾತು. ಫೈಬರ್ ಬಾಡಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಪ್ರತಿ ದೀಪಕ್ಕೂ ಅರ್ತ್ ವಯರ್ ಎಳೆಯಬೇಕು. ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪ ಮಿಣುಕ್ ಮಿಣುಕ್ ಅಂದರೆ ಕರೆಂಟು ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ವಾಪಸು ಹೋಗುತ್ತಿದೆ ಎಂದರ್ಥ. ಎಂಜಿನ್ ಬ್ಲಾಕ್‌ನಿಂದ ಛಾಸಿಗೆ, ಛಾಸಿಯಿಂದ ಬ್ಯಾಟರಿಗೆ ದಪ್ಪ ಅರ್ತ್ ಪಟ್ಟಿ ಹಾಕಿ. ಅದು ಕೂರುವ ಜಾಗದ ಬಣ್ಣ ಕೆರೆದು ಲೋಹ ಕಾಣಿಸಬೇಕು.

ಹಳೆ ಕಾರ್ಬ್ಯುರೇಟರಿನ ಪಂಪು ಕೊಡುವ ಒತ್ತಡ 3 ಪಿಎಸ್‌ಐ ಆಸುಪಾಸು. ಮಾಜ್ದಾ ಎಂಜಿನ್ನಿನಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್‌ಗೆ 40ರ ಹತ್ತಿರ ಬೇಕು. ಹಳೆ ರಬ್ಬರ್ ಪೈಪ್ ಇದನ್ನು ತಡೆಯುವುದಿಲ್ಲ. ಪಂಪು, ಪೈಪು, ಕ್ಲಿಪ್ಪು ಎಲ್ಲ ಹೊಸದಾಗಲಿ. ಟ್ಯಾಂಕಿಗೆ ಪೆಟ್ರೋಲ್ ವಾಪಸು ಬರುವ ಲೈನನ್ನೂ ಎಳೆಯಿರಿ.

ಕಾಗದಪತ್ರ

ಬ್ರಿಟನ್ನಿನಲ್ಲಿ ಎಂಜಿನ್ ಬದಲಿಸಿದ್ದನ್ನು ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎಗೆ, ವಿಮೆ ಕಂಪನಿಗೆ ತಿಳಿಸಲೇಬೇಕು. 40 ವರ್ಷ ದಾಟಿದ ಕಾರಿಗೆ ವಾರ್ಷಿಕ ಎಂಒಟಿ ತಪಾಸಣೆಯಿಂದ ಸಿಗುವ ವಿನಾಯಿತಿ ಇಂಥ ಬದಲಾವಣೆಯಿಂದ ತಪ್ಪಿಹೋಗಬಹುದು. ವಿನಾಯಿತಿ ಇದ್ದರೂ ತಪಾಸಣೆ ಮಾಡಿಸಿ ಅನ್ನುವವ ನಾನು. ನಮ್ಮಲ್ಲಿ ಹಳೆ ಕಾರಿಗೆ ಹೀಗೆ ಮಾಡಲು ಹೊರಟವರು ಇನ್ನೂ ಯೋಚಿಸಬೇಕು. 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಇಗ್ನಿಷನ್ ಕಾಯಿಲ್ ಪ್ಲಗ್ ಮತ್ತು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು ಬರೀ ಸೆಲ್ಫ್ ಹೊಡೆಯಿರಿ. ಆಯಿಲ್ ಒತ್ತಡ ತೋರಿಸುವ ಮುಳ್ಳು ಮೇಲೇಳುವವರೆಗೆ ಕಾಯಿರಿ. ಆಮೇಲೆ ಎರಡನ್ನೂ ಹಾಕಿ.

ಹಳೆ ಎಂಜಿನ್ ಕೈಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಪ್ರತಿ ಸಿಲಿಂಡರಿಗೂ ಸ್ವಲ್ಪ ಆಯಿಲ್ ಬಿಟ್ಟು, ತೂತುಗಳನ್ನೆಲ್ಲ ಮುಚ್ಚಿ, ಒಣ ಜಾಗದಲ್ಲಿ ಹಲಗೆಯ ಮೇಲಿಡಿ. ಡೈನಮೋ, ಹಳೆ ಮೌಂಟ್‌ಗಳು, ಬಿಚ್ಚಿದ ಬೋಲ್ಟುಗಳು ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ಅದರ ಪಕ್ಕದಲ್ಲೇ ಇರಲಿ.