ನುಡಿ ಕೈಗೆ ಹೊಂದಿದ ಲಿನಕ್ಸ್: ನನ್ನ ಅನುಭವ

"ಲಿನಕ್ಸ್ ಹಾಕಿದ್ರೆ ಹುಡುಗರು ಕೆಲ್ಸ ಬಿಟ್ಟು ಹೋಗ್ತಾರೆ ಕಣಣ್ಣ" ಅಂತ ಪಕ್ಕದ ಝೆರಾಕ್ಸ್ ಅಂಗಡಿಯವರು ಹೇಳಿದ್ದರು. ಒಂದು ವರ್ಷ ಆಗ್ತಾ ಬಂತು, ಯಾರೂ ಬಿಟ್ಟಿಲ್ಲ. ನನ್ನ ಡಿಟಿಪಿ ಅಂಗಡಿಯ ಐದು ಕಂಪ್ಯೂಟರಿನಲ್ಲಿ ನಾಲ್ಕು ಈಗ ಲಿನಕ್ಸ್ ಮಿಂಟ್‌ನಲ್ಲೇ ಓಡುತ್ತಿವೆ. ಲಿನಕ್ಸ್ ಅಂದರೆ ವಿಂಡೋಸ್ ಥರದ್ದೇ ಒಂದು ಉಚಿತ ಆಪರೇಟಿಂಗ್ ಸಿಸ್ಟಮ್; ಮಿಂಟ್, ಉಬುಂಟು, ಡೆಬಿಯನ್ ಅದರ ಬಗೆಗಳು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರವರೆಗೆ ಮಾತ್ರ ಬೆಂಬಲ ಅಂತ ಮೊದಲೇ ಗೊತ್ತಿತ್ತು. ನಮ್ಮವು ಹಳೆ ಐ3 ಮಷೀನು, 11 ತಗೊಳ್ಳಲ್ಲ. ಹೊಸದು ಕೊಳ್ಳೋಣ ಅಂದರೆ ಐದಕ್ಕೆ ಸುಮಾರು ಒಂದೂಮುಕ್ಕಾಲು ಲಕ್ಷದ ಕೊಟೇಶನ್ ಬಂತು.

ಮೊದಲು ಉಬುಂಟು ಹಾಕಿದೆ. ನೋಡೋಕೆ ಚೆಂದ. ಆದರೆ 4 ಜಿಬಿ ರ‍್ಯಾಮ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತಿತ್ತು. ಕೆಳಗೆ ಸ್ಟಾರ್ಟ್ ಮೆನು ಕಾಣದೆ ನಮ್ಮ ಆಪರೇಟರ್ ಹುಡುಗಿ ಮೌಸ್ ಹಿಡಿದು ಹಾಗೇ ಕೂತುಬಿಟ್ಟಳು. ಆಮೇಲೆ ಕೈಯಲ್ಲಿದ್ದ ಡೆಬಿಯನ್ 11. ಅದರಲ್ಲಿ ವೈಫೈ ಕಾರ್ಡನ್ನು ಓಡಿಸುವ ಫರ್ಮ್‌ವೇರ್ ಇರಲಿಲ್ಲ. ಎರಡು ರಾತ್ರಿ ಹೋಯಿತು.

ಆಗ ರಿವ್ಯೂ ಓದೋದು ಬಿಟ್ಟೆ. ಏನೂ ಹೇಳಿಕೊಡದೆ ಆ ಹುಡುಗಿಯನ್ನೇ ಕೂರಿಸಿ ಮೂರು ಕೆಲಸ ಕೊಟ್ಟೆ: ಪಿಡಿಎಫ್ ತೆರೆ, ಎರಡೂ ಬದಿ ಪ್ರಿಂಟ್ ಕೊಡು, ಕನ್ನಡ ಟೈಪ್ ಮಾಡು. ಮಿಂಟ್ 22ರ ಹಗುರ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇಯಲ್ಲಿ ಮೊದಲೆರಡನ್ನು ಸುಮ್ನೆ ಮಾಡಿ ಮುಗಿಸಿದಳು. ಮೆನು ಅವಳ ಕೈ ಹುಡುಕುವ ಎಡ ಮೂಲೆಯಲ್ಲೇ ಇತ್ತು.

ಕನ್ನಡಕ್ಕೆ, ಟೈಪಿಂಗ್ ಭಾಷೆ ಬದಲಿಸುವ ಐಬಸ್ ಜೊತೆ ಭಾಷೆಗಳ ಕೀಲಿ ವಿನ್ಯಾಸಗಳಿರುವ ಎಂ17ಎನ್ ಹಾಕಿದೆ. ಅದರಲ್ಲಿ, ವಿಂಡೋಸಿನ ಕನ್ನಡ ತಂತ್ರಾಂಶ 'ನುಡಿ' ಬಳಸುವ ಕೆಜಿಪಿ ಕೀಲಿ ವಿನ್ಯಾಸ ಆರಿಸಿದೆ. ಅವಳು ಕೀಬೋರ್ಡ್ ಕಡೆ ನೋಡದೆ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದಳು. ಪರದೆ ಮೇಲೆ 'ಕನ್ನಡ' ಅಂತ ಬಂತು. "ಸಾರ್, ಇದು ನುಡಿನೇ ಅಲ್ವಾ?" ಅಂದಳು. ಅವತ್ತೇ ನಿರ್ಧಾರ ಮಾಡಿದೆ.

ಹಳೆ ನುಡಿ ಫೈಲುಗಳು ಬೇರೆ ತಲೆನೋವು. ಅದರ ಫಾಂಟ್ ಕಾಪಿ ಮಾಡಿದರೆ ವರ್ಡ್ ಥರದ ಲಿಬ್ರೆಆಫೀಸ್‌ನಲ್ಲಿ ಓದಬಹುದು, ಪ್ರಿಂಟೂ ಬರುತ್ತೆ. ಎಲ್ಲ ಕಡೆ ಓದಬಲ್ಲ ಯೂನಿಕೋಡ್‌ಗೆ ತರುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ. ಅದನ್ನು ಸರಿಮಾಡುವ ಮ್ಯಾಕ್ರೋ ನಾನೇ ಬರೆದಿದ್ದೇನೆ. ಇಲ್ಲಿ ಕೊಡಲ್ಲ, ಅದರಿಂದಲೇ ತಿಂಗಳಿಗೆ ಒಂದಿಷ್ಟು ಕೆಲಸ ಬರುತ್ತಿದೆ.

ದುಡ್ಡು ಜಾಸ್ತಿ ಹೋಗಿದ್ದು ಪ್ರಿಂಟರಿಗೆ. ಇದ್ದ ಲೇಸರ್ ಪ್ರಿಂಟರಿನ ಡ್ರೈವರ್ ಒಂದು ದಿನ ಓಡಿದರೆ ಮರುದಿನ ಇಲ್ಲ. ಒಂದು ವಾರ ಗುದ್ದಾಡಿ ಅದನ್ನು ಮೂರು ಸಾವಿರಕ್ಕೆ ಮಾರಿದೆ. ಎಂಟು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಎಚ್‌ಪಿ ತಂದೆ. ಎಚ್‌ಪಿಯದೇ ಲಿನಕ್ಸ್ ಡ್ರೈವರ್ ಎಚ್‌ಪಿಲಿಪ್ ಅದನ್ನು ತಕ್ಷಣ ಹಿಡಿಯಿತು. 240 ಜಿಬಿ ಎಸ್‌ಎಸ್‌ಡಿ ನಾಲ್ಕಕ್ಕೆ ಆರು ಸಾವಿರ, ಸೆಕೆಂಡ್ ಹ್ಯಾಂಡ್ ರ‍್ಯಾಮ್‌ಗೆ ಮೂರು ಸಾವಿರದ ಹತ್ತಿರ. ಹಳೆ ಪ್ರಿಂಟರ್ ಮಾರಿ ಬಂದ ಮೂರು ಸಾವಿರ ಕಳೆದು ಒಟ್ಟು ಹದಿನಾಲ್ಕು ಸಾವಿರದಲ್ಲಿ ಮುಗಿಸಿದೆ.

ಬೆರಳ ಗುರುತು ತಗೊಳ್ಳುವ ಸಾಧನ, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಕೆಲಸಕ್ಕೆ ಐದನೆಯದನ್ನು ವಿಂಡೋಸ್‌ನಲ್ಲೇ ಬಿಟ್ಟಿದ್ದೇನೆ. ಅದರಲ್ಲಿ ಹಟ ಮಾಡಬೇಡಿ, ಗಿರಾಕಿ ಕಾಯಲ್ಲ.

ಇದೇ ಹುಮ್ಮಸ್ಸಿನಲ್ಲಿ ಅಟ್ಟದ ಮೇಲಿದ್ದ 32 ಬಿಟ್ ಮಷೀನನ್ನೂ ಇಳಿಸಿದೆ. ಅದರಲ್ಲಿ 2 ಜಿಬಿ ರ‍್ಯಾಮ್. ಮಿಂಟ್‌ನ ಡೆಬಿಯನ್ ಆವೃತ್ತಿ ಎಲ್‌ಎಂಡಿಇ 6 ಹಾಕಿದೆ. ಅದರ ಡೆಸ್ಕ್‌ಟಾಪ್ ಸಿನಮನ್ ಭಾರವಾಯಿತು, ಎಕ್ಸ್‌ಎಫ್‌ಸಿಇ ಸೇರಿಸಿಕೊಂಡೆ. ಬ್ರೌಸರಿಗೆ ಆಗಲ್ಲ. ಸ್ಕ್ಯಾನರ್ ಮಾತ್ರ ಕಟ್ಟಿದ್ದೇನೆ, ಬೆಳಿಗ್ಗೆಯಿಂದ ಸಂಜೆವರೆಗೆ ಆಧಾರ್, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡುತ್ತಾ ಕೂತಿರುತ್ತೆ.