ಹಬ್ಬದೂಟದ ಮೇಜಿಗೆ ಪದರ ಕಾಗದದ ಕಮಾನುಗಳು

ನಮ್ಮ ವಿಜಯಪುರದಲ್ಲಿ ಸಂಕ್ರಾಂತಿಯೂ ಸಿದ್ಧೇಶ್ವರ ಜಾತ್ರೆಯೂ ಕೂಡಿಯೇ ಬರುವುದರಿಂದ, ಆ ದಿನಗಳಲ್ಲಿ ಬೀಗರು, ಮಗಳು-ಅಳಿಯಂದಿರು, ಮೊಮ್ಮಕ್ಕಳು ಎಲ್ಲರೂ ಮನೆಯಲ್ಲಿ ಸೇರುತ್ತಾರೆ. ನೆಲದ ಮೇಲೆ ಪಂಕ್ತಿಯಲ್ಲಿ ಕೂರಲು ಮೊಣಕಾಲು ಒಪ್ಪದವರೇ ಈಗ ಹೆಚ್ಚಾಗಿರುವುದರಿಂದ ಹಬ್ಬದೂಟವೂ ಮೇಜಿಗೆ ಏರಿದೆ. ಮೇಜು ಬಂದ ಮೇಲೆ ಅದರ ನಡುವಿಗೊಂದು ಅಲಂಕಾರ, ಯಾರು ಎಲ್ಲಿ ಕೂರಬೇಕೆಂದು ತಿಳಿಸುವ ಹೆಸರಿನ ಚೀಟಿ ಇವೂ ಬಂದಿವೆ. ಇವೆರಡನ್ನೂ ಮೂರು ಪದರ ಕಾಗದದಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು. ದೀಪಾವಳಿಯಾಗಲಿ, ರಂಜಾನ್ ಆಗಲಿ, ಕ್ರಿಸ್‌ಮಸ್ ಆಗಲಿ, ಮಾಡುವ ಕ್ರಮ ಒಂದೇ.

ಹೊಸದಾಗಿ ಮಾಡುವವರು ಬಣ್ಣಗಳನ್ನು ಆರಿಸುವುದರಲ್ಲಿಯೇ ಹೊತ್ತು ಕಳೆಯುತ್ತಾರೆ. ಪದರ ಕಾಗದದ ಚೆಲುವು ಇರುವುದು ಬಣ್ಣದಲ್ಲಿ ಅಲ್ಲ, ಎರಡು ಪದರಗಳ ನಡುವಿನ ಸಂದಿನಲ್ಲಿ ಬೀಳುವ ನೆರಳಿನಲ್ಲಿ. ನಮ್ಮ ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಕಲ್ಲನ್ನೇ ಕೊರೆದು ಅರಬ್ಬಿ ಅಕ್ಷರಗಳ ಜಾಲಂದರ ಮಾಡಿದ್ದಾರೆ. ಅಲ್ಲಿ ಬಣ್ಣದ ಹಂಗಿಲ್ಲದೆ, ಕಲ್ಲಿನ ಹಿಂದಿರುವ ಬೆಳಕು-ಕತ್ತಲೆಯಿಂದಲೇ ಅಕ್ಷರ ಎದ್ದು ಕಾಣುತ್ತದೆ. ಕಾಗದದ ಪದರಗಳನ್ನು ಒಂದರ ಮೇಲೊಂದು ಚಪ್ಪಟೆಯಾಗಿ ಅಂಟಿಸಿದರೆ ನೆರಳು ಬೀಳಲು ಜಾಗವೇ ಉಳಿಯುವುದಿಲ್ಲ, ಮಾಡಿದ ಶ್ರಮವೆಲ್ಲ ಅಚ್ಚು ಹಾಕಿದ ಚಿತ್ರದಂತಾಗುತ್ತದೆ. ಆದ್ದರಿಂದ ಪ್ರತಿ ಎರಡು ಪದರಗಳ ನಡುವೆ 2ರಿಂದ 3 ಮಿಲಿಮೀಟರ್ ಅಂತರ ಉಳಿಯುವಂತೆ, ಸಾಮಾನು ಬಂದ ಪೆಟ್ಟಿಗೆಯ ಗೆರೆಗೆರೆಯ ರಟ್ಟನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಹೊರಗೆ ಕಾಣದ ಹಾಗೆ ಅಂಚಿನಿಂದ ಸ್ವಲ್ಪ ಒಳಗೆ ಇಡಬೇಕು. ನೆರಳು ತಿಳಿ ಬಣ್ಣದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ, ಕಡು ಬಣ್ಣದಲ್ಲಿ ಕರಗಿಹೋಗುತ್ತದೆ. ಹೀಗಾಗಿ ಮುಂದೆ ಬಿಳಿ, ನಡುವೆ ಕೆನೆ ಬಣ್ಣ, ತೀರ ಹಿಂದೆ ಮಾತ್ರ ಕಡು ಬಣ್ಣ ಇರಲಿ. ಇಳಕಲ್ ಸೀರೆಯ ಸೆರಗಿನ ಕೆಂಪು-ಬಿಳುಪಿನ ಜೋಡಿ ಇಲ್ಲಿ ಬಹಳ ಚೆನ್ನಾಗಿ ಹೊಂದುತ್ತದೆ. ಮೂರಕ್ಕಿಂತ ಹೆಚ್ಚು ಬಣ್ಣ ಸೇರಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಕಾಗದ 180ರಿಂದ 250 ಜಿಎಸ್‌ಎಂ (ಅಂದರೆ ಒಂದು ಚದರ ಮೀಟರ್ ಹಾಳೆಗೆ ಇಷ್ಟು ಗ್ರಾಂ ತೂಕ) ದಪ್ಪದ್ದಾಗಿರಲಿ. ಝೆರಾಕ್ಸ್ ಕಾಗದ ಸಾಮಾನ್ಯವಾಗಿ 70-80 ಜಿಎಸ್‌ಎಂ ಇರುವುದರಿಂದ ನಿಲ್ಲಿಸಿದ ಕೂಡಲೇ ಬಾಗುತ್ತದೆ. ಮನೆಗೆ ಬಂದು ಬೀಳುವ ಹಳೆಯ ಲಗ್ನಪತ್ರಿಕೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತವೆ, ಆದರೆ ದೇವರ ಚಿತ್ರವಿರುವ ಭಾಗಕ್ಕೆ ಕತ್ತರಿ ಹಾಕದೆ ತೆಗೆದಿಡಿ. ಕಾಗದಕ್ಕೂ ಬಟ್ಟೆಯಂತೆ ಒಂದು ಎಳೆ ಇರುತ್ತದೆ. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲನೆ ಬಾಗಿಸಿ ನೋಡಿದರೆ ಒಂದು ಕಡೆ ಸುಲಭವಾಗಿ ಬಾಗುತ್ತದೆ, ಮಡಿಕೆಯ ಗೆರೆ ಆ ಕಡೆಗೇ ಬರಬೇಕು. ಇದಕ್ಕೆ ವಿರುದ್ಧವಾಗಿ ಮಡಿಸಿದರೆ ದಪ್ಪ ಕಾಗದ ಬಿರುಕು ಬಿಟ್ಟು ಒಳಗಿನ ಬಿಳಿ ಕಾಣಿಸುತ್ತದೆ. ಮಡಿಸುವ ಮೊದಲು ಶಾಯಿ ತೀರಿದ ಬಾಲ್‌ಪೆನ್ನಿನಿಂದ ಸ್ಟೀಲ್ ಸ್ಕೇಲ್ ಹಿಡಿದು ಒಂದು ಗೆರೆ ಒತ್ತಿಕೊಳ್ಳಬೇಕು.

ಅಂಟಿನ ವಿಷಯದಲ್ಲಿ ಹಳಬರು ಮೈದಾ ಹಿಟ್ಟಿನ ಖಳಿ ಕಾಯಿಸುತ್ತಿದ್ದರು. ಅದರಲ್ಲಿ ನೀರು ಹೆಚ್ಚಿರುವುದರಿಂದ ಕಾಗದ ಮುರುಟಿಕೊಳ್ಳುತ್ತದೆ, ಹುಳವೂ ಬರುತ್ತದೆ. ಹುಳಕ್ಕೆಂದು ಖಳಿಯಲ್ಲಿ ಮೈಲುತುತ್ತ ಬೆರೆಸುವ ರೂಢಿ ಇತ್ತು, ಅದು ವಿಷವಾದ್ದರಿಂದ ಉಣ್ಣುವ ಮೇಜಿನ ವಸ್ತುವಿಗೆ ಎಂದಿಗೂ ಬೇಡ. ಫೆವಿಕಾಲನ್ನು ಬೆಂಕಿಕಡ್ಡಿಯ ತುದಿಯಿಂದ ತೆಳ್ಳಗೆ ಹಚ್ಚಿ, ಮೇಲೆ ದಪ್ಪ ಪುಸ್ತಕ ಹೇರಿಟ್ಟರೆ ಸಾಕು.

ಈಗ ಹೆಸರಿನ ಚೀಟಿ ನಿಲ್ಲಿಸುವ ಕಮಾನು. 8 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ, ಮೇಲ್ತುದಿ ಕಮಾನಿನಂತೆ ಚೂಪಾಗಿರುವ ಮೂರು ತುಂಡುಗಳನ್ನು ಒಂದೇ ಅಳತೆಗೆ ಕತ್ತರಿಸಿಕೊಳ್ಳಿ. ಹಿಂದಿನದು ಇಡಿಯಾಗಿರಲಿ, ನಡುವಿನದಕ್ಕೆ ಸುತ್ತಲೂ ಒಂದೂವರೆ ಸೆಂಟಿಮೀಟರ್ ಅಂಚು ಬಿಟ್ಟು ಒಳಭಾಗ ಕೊರೆಯಿರಿ, ಮುಂದಿನದಕ್ಕೆ ಮುಕ್ಕಾಲು ಸೆಂಟಿಮೀಟರ್ ಅಂಚು ಮಾತ್ರ ಬಿಡಿ. ರಟ್ಟಿನ ತುಣುಕುಗಳನ್ನಿಟ್ಟು ಜೋಡಿಸಿದಾಗ ಬಾಗಿಲೊಳಗೆ ಬಾಗಿಲು ಇದ್ದಂತೆ ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಇಳಿಯುತ್ತದೆ. ಮುಂಭಾಗದ ಕೆಳಗೆ 2 ಸೆಂಟಿಮೀಟರ್ ಎತ್ತರದ ಪಟ್ಟಿಯೊಂದನ್ನು ಕೆಳಗಂಚು ಮತ್ತು ಎರಡು ಬದಿಗೆ ಮಾತ್ರ ಅಂಟಿಸಿದರೆ ಅದೇ ಕಿಸೆಯಾಗುತ್ತದೆ, ಹೆಸರಿನ ಚೀಟಿಯನ್ನು ಅದರೊಳಗೆ ಇಳಿಸಬಹುದು. ಆ ಪಟ್ಟಿಯ ಮೇಲಂಚನ್ನು ಹಣಿಗೆಯ ಹಲ್ಲಿನಂತೆ ಕತ್ತರಿಸಿದರೆ ಇಳಕಲ್ ಸೆರಗಿನ ನೆನಪಾಗುತ್ತದೆ.

ಕಮಾನು ನೆಟ್ಟಗೆ ನಿಲ್ಲಲು ಹಿಂದೆ ಒಂದು ಆಸರೆ ಬೇಕು. 6 ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ಉದ್ದದ ಪಟ್ಟಿಯನ್ನು 3, 7 ಮತ್ತು 12ನೇ ಸೆಂಟಿಮೀಟರಿಗೆ ಮಡಿಸಿ, ಕೊನೆಯ ಒಂದು ಸೆಂಟಿಮೀಟರನ್ನು ಮೊದಲ ಭಾಗಕ್ಕೆ ಅಂಟಿಸಿದರೆ 3, 4, 5ರ ಅಳತೆಯ ತ್ರಿಕೋನವಾಗುತ್ತದೆ. ಈ ಅಳತೆಯಲ್ಲಿ ಒಂದು ಮೂಲೆ ತಾನಾಗಿಯೇ ಲಂಬಕೋನವಾಗುವುದರಿಂದ ಬೇರೆ ಲೆಕ್ಕ ಬೇಡ. 3 ಸೆಂಟಿಮೀಟರಿನ ಮುಖವನ್ನು ಕಮಾನಿನ ಬೆನ್ನಿಗೆ ಅಂಟಿಸಿ, 4 ಸೆಂಟಿಮೀಟರಿನ ಮುಖ ಮೇಜಿನ ಮೇಲೆ ಕೂರಲಿ. ನಮ್ಮ ಕಡೆ ಸೆಕೆಗೆ ಫ್ಯಾನ್ ಇಲ್ಲದೆ ಊಟವಿಲ್ಲ, ಫ್ಯಾನ್ ಹಾಕಿದರೆ ಕಾಗದ ನಿಲ್ಲುವುದಿಲ್ಲ. ಅದಕ್ಕಾಗಿ ಆ ತ್ರಿಕೋನದೊಳಗೆ ಒಂದೆರಡು ನಾಣ್ಯ ಅಂಟಿಸಿಡಿ.

ಚೀಟಿಯಲ್ಲಿ ಹೆಸರು ಬರೆಯುವುದಕ್ಕೂ ಒಂದು ಮರ್ಯಾದೆ ಇದೆ. ಹಿರಿಯರ ಬರಿಯ ಹೆಸರು ಬರೆದು ನಿಲ್ಲಿಸುವುದು ಚೆನ್ನಾಗಿ ಕಾಣುವುದಿಲ್ಲ. ‘ಸೊಲ್ಲಾಪುರದ ಕಾಕಾ’, ‘ದೊಡ್ಡವ್ವ’, ‘ಇಂಡಿ ಊರಿನ ಮಾವ’ ಎಂದು ಬರೆದರೆ ಅವರಿಗೂ ಸಂತೋಷ, ಹೊಸದಾಗಿ ಮನೆಗೆ ಬಂದ ಸೊಸೆಗೂ ಯಾರು ಯಾರೆಂದು ತಿಳಿಯುತ್ತದೆ. ಕನ್ನಡಕ ಮರೆತು ಬಂದವರಿಗೂ ಕಾಣುವಷ್ಟು ದಪ್ಪ ಅಕ್ಷರವಿರಲಿ. ಇದೇ ಕಮಾನುಗಳನ್ನು ಬಡಿಸುವ ಪಾತ್ರೆಗಳ ಮುಂದೆಯೂ ಇಡಬಹುದು: ಯಾವುದು ಶೇಂಗಾ ಹೋಳಿಗೆ, ಯಾವ ಪಲ್ಯಕ್ಕೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕಿಲ್ಲ, ಯಾವುದಕ್ಕೆ ಬೆಲ್ಲ ಬಿದ್ದಿಲ್ಲ ಎಂಬುದು ಕೇಳದೆಯೇ ತಿಳಿಯುತ್ತದೆ. ಶೇಂಗಾ ಒಗ್ಗದವರಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ಅಲಂಕಾರಕ್ಕಿಂತ ದೊಡ್ಡ ಉಪಕಾರ.

ಮೇಜಿನ ನಡುವಿಗೆ ಗೋಲ ಗುಮ್ಮಟದ ಗುಮ್ಮಟದ ಬುಡದಲ್ಲಿರುವ ಕಮಲದ ಎಸಳುಗಳನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. 20, 15 ಮತ್ತು 10 ಸೆಂಟಿಮೀಟರ್ ವ್ಯಾಸದ ಮೂರು ದುಂಡು ಹಾಳೆಗಳಿಗೆ ತಲಾ ಎಂಟು ಎಸಳು ಬರಬೇಕು. ದಪ್ಪ ಕಾಗದವನ್ನು ಮೂರು ಸಲ ಮಡಿಸುವುದು ಕಷ್ಟವಾದ್ದರಿಂದ ಮೊದಲು ತೆಳುವಾದ ಕಾಗದದಲ್ಲಿ ಮಡಿಸಿ ಕತ್ತರಿಸಿ, ಅದನ್ನು ಅಚ್ಚಾಗಿಟ್ಟು ಗೆರೆ ಎಳೆದುಕೊಳ್ಳಿ. ಜೋಡಿಸುವಾಗ ಮೇಲಿನ ಎಸಳು ಕೆಳಗಿನ ಎರಡು ಎಸಳುಗಳ ಸಂದಿಗೆ ಬರುವಂತೆ ತಿರುಗಿಸಿ, ತುದಿಗಳನ್ನು ಪೆನ್ನಿಗೆ ಸುತ್ತಿ ಮೇಲಕ್ಕೆ ಬಾಗಿಸಿ. ಎತ್ತರ ಒಂದು ಗೇಣು ಮೀರದಿರಲಿ, ಮೀರಿದರೆ ಎದುರು ಕುಳಿತವರ ಮುಖ ಮರೆಯಾಗುತ್ತದೆ. ಇದರ ನಡುವೆ ಎಣ್ಣೆಯ ಹಣತೆಯನ್ನಾಗಲಿ ಮೇಣದಬತ್ತಿಯನ್ನಾಗಲಿ ಇಡಬಾರದು. ಬ್ಯಾಟರಿಯ ಸಣ್ಣ ದೀಪ ಇಟ್ಟರೆ ಎಸಳುಗಳ ನೆರಳೂ ಚೆನ್ನಾಗಿ ಬೀಳುತ್ತದೆ.

ಊಟ ಮುಗಿದ ಮೇಲೆ ಚೀಟಿಗಳನ್ನಷ್ಟೇ ತೆಗೆದು, ಕಮಾನುಗಳ ಮೇಲಿನ ಧೂಳನ್ನು ಒಣ ಕುಂಚದಿಂದ ಕೊಡವಿ, ಮಿಠಾಯಿ ಪೆಟ್ಟಿಗೆಯಲ್ಲಿ ಒಂದು ಸಾಲಾಗಿ ನಿಲ್ಲಿಸಿಡಿ. ಒಂದರ ಮೇಲೊಂದು ಹೇರಿದರೆ ನಡುವಿನ ಸಂದು ಕುಗ್ಗಿಹೋಗುತ್ತದೆ. ತುಪ್ಪದ ಕಲೆ ಬಿದ್ದದ್ದನ್ನು ಮಾತ್ರ ಎತ್ತಿಡಬೇಡಿ, ಅದರ ವಾಸನೆಗೆ ಇರುವೆ, ಜಿರಲೆ ಬಂದು ಉಳಿದವನ್ನೂ ಕೆಡಿಸುತ್ತವೆ.