ತುರಿಕಜ್ಜಿ ಹರಡದಂತೆ ಅಂತರ ಕಾಯುವುದು ಹೇಗೆ?

ಕೋವಿಡ್ ಕಾಲದಲ್ಲಿ ರೂಢಿಯಾದ ಅಂತರದ ಲೆಕ್ಕ ತುರಿಕಜ್ಜಿಗೆ ಹಾಗೆಯೇ ಹೊಂದುವುದಿಲ್ಲ. ಈ ರೋಗ ತರುವ, ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಕಜ್ಜಿಯ ನುಸಿಗೆ ಹಾರಲು ಬಾರದು, ನೆಗೆಯಲೂ ಬಾರದು. ಅದು ಒಂದು ಮೈಯಿಂದ ಇನ್ನೊಂದಕ್ಕೆ ತೆವಳಿಯೇ ಹೋಗಬೇಕು. ಹೀಗಾಗಿ ಕೈಕುಲುಕುವಷ್ಟು ಹೊತ್ತಿನ ಸ್ಪರ್ಶದಿಂದ ಸಾಮಾನ್ಯವಾಗಿ ಅಂಟದ ಈ ರೋಗ, ಒಂದೇ ಹಾಸಿಗೆಯಲ್ಲಿ ಮಲಗುವವರಿಗೆ ಮತ್ತು ಮಗುವನ್ನು ಗಂಟೆಗಟ್ಟಲೆ ಎತ್ತಿಕೊಳ್ಳುವವರಿಗೆ ಸುಲಭವಾಗಿ ಹರಡುತ್ತದೆ. ಲಾಕ್‌ಡೌನ್ ಅವಧಿಯಲ್ಲಿ ಶಾಲೆ ಮುಚ್ಚಿ ಮಕ್ಕಳ ತಲೆಗೆ ತಲೆ ತಾಗುವುದು ತಪ್ಪಿದ್ದರಿಂದ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹೇನಿನ ಕಾಟ ಇಳಿದರೆ, ಅದೇ ಕಾಲದಲ್ಲಿ ಟರ್ಕಿ ಮತ್ತು ಸ್ಪೇನ್‌ನ ಚರ್ಮವೈದ್ಯರು ತುರಿಕಜ್ಜಿ ಹೆಚ್ಚಿದ್ದನ್ನು ವರದಿ ಮಾಡಿದರು. ಬೀದಿಯಲ್ಲಿ ದೂರವಾದವರು ಮನೆಯೊಳಗೆ ಇನ್ನಷ್ಟು ಹತ್ತಿರವಾಗಿದ್ದರು.

ಆದ್ದರಿಂದ ಮೊದಲು ಮಾಡಬೇಕಾದದ್ದು ರೋಗಿಯ ಹತ್ತಿರದಲ್ಲಿದ್ದವರ ಹೆಸರುಗಳ ಪಟ್ಟಿ. ಮೊದಲ ಬಾರಿ ಸೋಂಕು ತಗುಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದು, ಆದರೆ ಅಷ್ಟರೊಳಗೇ ಅವರಿಂದ ಇತರರಿಗೆ ನುಸಿ ದಾಟಬಲ್ಲದು. ಕಳೆದ ಎರಡು ತಿಂಗಳಲ್ಲಿ ರೋಗಿಯೊಡನೆ ಮಲಗಿದವರು, ಆರೈಕೆ ಮಾಡಿದವರು, ಮನೆಯಲ್ಲಿ ಒಟ್ಟಿಗಿದ್ದವರು ಎಲ್ಲರನ್ನೂ, ತುರಿಕೆ ಇರಲಿ ಬಿಡಲಿ, ಲೆಕ್ಕಕ್ಕೆ ತೆಗೆದುಕೊಳ್ಳಿ. ತುರಿಸಿಕೊಳ್ಳುವವರನ್ನಷ್ಟೇ ದೂರವಿಟ್ಟರೆ ಪ್ರಯೋಜನ ಕಡಿಮೆ.

ನಂತರ ವೈದ್ಯರನ್ನು ಕಾಣಬೇಕು. ರಾತ್ರಿ ಹೆಚ್ಚುವ ತುರಿಕೆ, ಬೆರಳ ಸಂದು, ಮಣಿಕಟ್ಟು ಮತ್ತು ಸೊಂಟದ ಸುತ್ತ ಕೆಂಪು ಗುಳ್ಳೆ, ಕೆಲವೊಮ್ಮೆ ನುಸಿ ಕೊರೆದ ಸಣ್ಣ ಅಂಕುಡೊಂಕು ಗೆರೆ ಮುಖ್ಯ ಲಕ್ಷಣಗಳು.

ಚಿಕಿತ್ಸೆ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ದಿನ ಆಗಬೇಕು, ಇಲ್ಲವಾದರೆ ಗುಣವಾದವರಿಗೆ ಉಳಿದವರಿಂದ ಮತ್ತೆ ಅಂಟುತ್ತದೆ. ಸಾಮಾನ್ಯವಾಗಿ ಬರೆದುಕೊಡುವ ಶೇ 5ರ ಪರ್ಮೆಥ್ರಿನ್ ಕ್ರೀಮನ್ನು ಕತ್ತಿನಿಂದ ಅಂಗಾಲಿನವರೆಗೆ, ಉಗುರಿನ ಅಡಿಯನ್ನೂ ಬಿಡದೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ನಡುವೆ ಕೈ ತೊಳೆದರೆ ಕೈಗಳಿಗೆ ಮತ್ತೆ ಹಚ್ಚಲೇಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ವೈದ್ಯರ ಸೂಚನೆಯಂತೆ ಸುಮಾರು ಒಂದು ವಾರದ ನಂತರ ಎರಡನೇ ಸಲ ಹಚ್ಚಬೇಕಾಗುತ್ತದೆ. ಹಸುಗೂಸು ಮತ್ತು ಗರ್ಭಿಣಿಯರ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಅದೇ ದಿನ ಹಾಸಿಗೆ ಬೇರೆ ಮಾಡಿ, ಬಟ್ಟೆ ಹೊದಿಕೆಗಳನ್ನು 50 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ ಒಗೆಯಿರಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ, ಏಕೆಂದರೆ ಮೈಯಿಂದ ದೂರವಾದ ನುಸಿ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು. ಇದರಾಚೆ ಮನೆಯನ್ನೆಲ್ಲ ಕೀಟನಾಶಕದಿಂದ ತೊಳೆಯುವುದು ವ್ಯರ್ಥ ಶ್ರಮ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೀಟವಿಜ್ಞಾನಿ ಕೆನೆತ್ ಮೆಲನ್‌ಬಿ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ರೋಗಿಗಳು ಬಳಸಿದ ಹೊದಿಕೆಗಳಿಂದ ಕಜ್ಜಿ ಅಂಟಿದ್ದು ತೀರಾ ಅಪರೂಪವೆಂದು ಕಂಡುಬಂದಿತ್ತು.

ಕ್ರಸ್ಟೆಡ್ ಸ್ಕೇಬೀಸ್ ಎಂಬ ತೀವ್ರ ರೂಪಕ್ಕೆ ಮಾತ್ರ ಈ ಸಡಿಲಿಕೆ ಅನ್ವಯಿಸದು. ಸಾಮಾನ್ಯ ರೋಗಿಯ ಮೈಮೇಲೆ ಹತ್ತು ಹದಿನೈದು ನುಸಿಗಳಿದ್ದರೆ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಕಾಣುವ ಈ ಬಗೆಯಲ್ಲಿ ಅವು ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ಇದ್ದು, ಉದುರಿದ ಹೊಪ್ಪಳೆಯಿಂದಲೂ ಹರಡಬಹುದು. ಇಂಥವರಿಗೆ ಪ್ರತ್ಯೇಕ ಕೋಣೆಯೂ ಆರೈಕೆ ಮಾಡುವವರಿಗೆ ಕೈಗವಸೂ ಬೇಕು.

ಉಳಿದವರು ಮೊದಲ ಚಿಕಿತ್ಸೆಯ ಮರುದಿನವೇ ಶಾಲೆಗೋ ಕೆಲಸಕ್ಕೋ ಹೋಗಬಹುದು. ನುಸಿ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯುವುದು ಸಹಜವಾದ್ದರಿಂದ ಅಷ್ಟಕ್ಕೇ ಯಾರನ್ನೂ ದೂರವಿಡಬೇಕಿಲ್ಲ; ಆ ಅವಧಿ ಮೀರಿದರೆ, ಅಥವಾ ಹೊಸ ಗೆರೆಗಳು ಕಂಡರೆ, ಮತ್ತೆ ವೈದ್ಯರಿಗೆ ತೋರಿಸಿ.